ನಮ್ಮ ನಂತರದ ಸಾಲು: ಊರಿನ ಯುವಜನರನ್ನು ನಾಯಕತ್ವಕ್ಕೆ ಅಣಿಗೊಳಿಸುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರ ತಾಲ್ಲೂಕು ಮಟ್ಟದ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಬೆಳಗಿನ ಅವಧಿಯಲ್ಲಿ ತಾವು ಅನುದಾನ, ಕ್ರಿಯಾಯೋಜನೆ ಮತ್ತು ಕರ ವಸೂಲಾತಿಯ ಕುರಿತು ವಿವರವಾಗಿ ಕೇಳಿದ್ದೀರಿ. ಆ ವಿಷಯಗಳಿಗೆ ಸರ್ಕಾರದ ಆದೇಶಗಳಿವೆ, ನಮೂನೆಗಳಿವೆ, ವಹಿಗಳಿವೆ, ತಂತ್ರಾಂಶಗಳಿವೆ. ನನಗೆ ವಹಿಸಿರುವ ವಿಷಯಕ್ಕೆ ಇವು ಯಾವುವೂ ಇಲ್ಲ. ಊರನ್ನು ನಾಳೆ ಯಾರು ನಡೆಸುತ್ತಾರೆ, ಅವರನ್ನು ಇಂದು ಯಾರು ಸಿದ್ಧಪಡಿಸುತ್ತಿದ್ದಾರೆ ಎಂಬುದು ಆ ವಿಷಯ. ಲೆಕ್ಕಪರಿಶೋಧಕರು ಈ ಪ್ರಶ್ನೆಯನ್ನು ಕೇಳುವುದಿಲ್ಲ, ಪ್ರಗತಿ ಪರಿಶೀಲನಾ ಸಭೆಯಲ್ಲಿಯೂ ಇದು ಬರುವುದಿಲ್ಲ. ಆದ್ದರಿಂದಲೇ ಇದು ವರ್ಷದಿಂದ ವರ್ಷಕ್ಕೆ ಮುಂದೂಡಲ್ಪಡುತ್ತದೆ.

ಆದರೆ ಪಂಚಾಯಿತಿಯ ರಚನೆಯೇ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ಸದಸ್ಯರ ಅವಧಿ ಐದು ವರ್ಷ. ಮೀಸಲಾತಿಯ ಆವರ್ತನದಿಂದಾಗಿ ಈ ಬಾರಿ ತಾವು ಪ್ರತಿನಿಧಿಸುವ ಸ್ಥಾನ ಮುಂದಿನ ಬಾರಿ ಬೇರೆ ವರ್ಗಕ್ಕೆ ಹೋಗಬಹುದು. ಐದು ವರ್ಷ ಓಡಾಡಿ, ಸಭೆಗಳಲ್ಲಿ ಕುಳಿತು, ಕಚೇರಿಗಳಿಗೆ ಅಲೆದು ತಾವು ಗಳಿಸಿದ ಅನುಭವವು ತಮ್ಮೊಡನೆಯೇ ಮನೆಗೆ ಹೋಗುತ್ತದೆ. ಹೊಸದಾಗಿ ಬಂದವರು ವಾರ್ಡ್ ಸಭೆ ಎಂದರೇನು, ಗ್ರಾಮ ಸಭೆ ಎಂದರೇನು ಎಂಬಲ್ಲಿಂದ ಆರಂಭಿಸುತ್ತಾರೆ. ಅವರು ಕಲಿತು ಮುಗಿಸುವ ಹೊತ್ತಿಗೆ ಅರ್ಧ ಅವಧಿ ಕಳೆದಿರುತ್ತದೆ. ಪ್ರತಿ ಐದು ವರ್ಷಕ್ಕೊಮ್ಮೆ ಊರು ಈ ನಷ್ಟವನ್ನು ಅನುಭವಿಸುತ್ತದೆ.

ಕಾನೂನು ಕೊಟ್ಟಿರುವ ಮೆಟ್ಟಿಲುಗಳು

ಸಂವಿಧಾನದ 73ನೇ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ನಮ್ಮ ರಾಜ್ಯವು ಅದಕ್ಕೂ ಮೊದಲೇ, ದಿವಂಗತ ಅಬ್ದುಲ್ ನಜೀರ್ ಸಾಬ್ ಅವರು ಪಂಚಾಯತ್ ರಾಜ್ ಸಚಿವರಾಗಿದ್ದ ಕಾಲದಲ್ಲಿ, 1983ರ ಕಾಯ್ದೆಯ ಮೂಲಕ ಈ ದಾರಿಯಲ್ಲಿ ಹೆಜ್ಜೆ ಇಟ್ಟಿತ್ತು. ಆ ಕಾಯ್ದೆಯಡಿ 1987ರಲ್ಲಿ ನಡೆದ ಚುನಾವಣೆಯಲ್ಲಿ ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನಗಳು ಮೀಸಲಾಗಿದ್ದವು. ಇಂದು ಆ ಪ್ರಮಾಣ ಅರ್ಧಕ್ಕೆ ಏರಿದೆ. ಅಂದು ಮೊದಲ ಬಾರಿಗೆ ಸಭೆಗೆ ಬಂದ ಹೆಣ್ಣುಮಕ್ಕಳ ಮೊಮ್ಮಕ್ಕಳು ಈಗ ಪದವಿ ತರಗತಿಗಳಲ್ಲಿ ಓದುತ್ತಿದ್ದಾರೆ. ಅವರಿಗೂ ಪಂಚಾಯಿತಿಗೂ ನಡುವೆ ಇರುವ ದೂರವನ್ನು ಕಡಿಮೆ ಮಾಡುವುದು ನಮ್ಮ ಕಾಲದ ಕೆಲಸ.

ವಯಸ್ಸಿನ ಲೆಕ್ಕವನ್ನು ಒಮ್ಮೆ ಗಮನಿಸಬೇಕು. ಹದಿನೆಂಟರ ಒಳಗಿನವರಿಗೆ ಮಕ್ಕಳ ಗ್ರಾಮ ಸಭೆ ಇದೆ. 18 ತುಂಬಿ ಮತದಾರರ ಪಟ್ಟಿಗೆ ಹೆಸರು ಸೇರಿದ ದಿನದಿಂದ ಆ ಯುವಕ ಅಥವಾ ಯುವತಿ ಗ್ರಾಮ ಸಭೆಯ ಸದಸ್ಯರು. ಇದಕ್ಕೆ ಯಾರ ಶಿಫಾರಸೂ ಬೇಕಿಲ್ಲ. 21 ತುಂಬಿದರೆ ಪಂಚಾಯಿತಿ ಚುನಾವಣೆಗೆ ಸ್ಪರ್ಧಿಸುವ ಅರ್ಹತೆ ಬರುತ್ತದೆ. ಹದಿನೆಂಟರಿಂದ ಇಪ್ಪತ್ತೊಂದರವರೆಗಿನ ಈ ಮೂರು ವರ್ಷಗಳನ್ನು ಕಲಿಕೆಯ ಕಾಲವೆಂದು ನಾವು ಭಾವಿಸಿದರೆ, ವಾರ್ಡ್ ಸಭೆ, ಗ್ರಾಮ ಸಭೆ, ಸಾಮಾಜಿಕ ಪರಿಶೋಧನೆ, ಜಮಾಬಂದಿ ಇವೆಲ್ಲವೂ ಪಾಠಶಾಲೆಗಳಾಗುತ್ತವೆ. ಕಟ್ಟಡ ಇದೆ, ಪಠ್ಯ ಇದೆ, ಹಾಜರಿಗೆ ಅರ್ಹರಾದ ವಿದ್ಯಾರ್ಥಿಗಳೂ ಇದ್ದಾರೆ. ಕೈಹಿಡಿದು ಒಳಗೆ ಕರೆತರುವವರು ಬೇಕಾಗಿದ್ದಾರೆ.

ಮಕ್ಕಳ ಗ್ರಾಮ ಸಭೆಯ ಹಿನ್ನೆಲೆಯನ್ನೂ ತಾವು ತಿಳಿದಿರುವುದು ಒಳ್ಳೆಯದು. ಇಂದಿನ ಉಡುಪಿ ಜಿಲ್ಲೆಯ ಕೆರಾಡಿಯಂತಹ ಊರುಗಳಲ್ಲಿ 1990ರ ದಶಕದಲ್ಲಿಯೇ ಮಕ್ಕಳ ಪಂಚಾಯಿತಿಗಳು ನಡೆದವು. ದುಡಿಯುವ ಮಕ್ಕಳೂ ಶಾಲೆಗೆ ಹೋಗುವ ಮಕ್ಕಳೂ ಒಟ್ಟಿಗೆ ಕುಳಿತು ತಮ್ಮ ಊರಿನ ಸಮಸ್ಯೆಗಳನ್ನು ದೊಡ್ಡವರ ಮುಂದಿಟ್ಟರು. ಮಕ್ಕಳು ಕಂಡ ಊರು ದೊಡ್ಡವರು ಕಂಡ ಊರಿಗಿಂತ ಭಿನ್ನವಾಗಿತ್ತು. ಮಳೆಗಾಲದಲ್ಲಿ ದಾಟಲಾಗದ ಹಳ್ಳ, ನಡೆಯಲು ಭಯವಾಗುವ ದಾರಿ ಇಂಥವು ಪ್ರತಿದಿನ ಶಾಲೆಗೆ ನಡೆದುಹೋಗುವವರಿಗೆ ಮೊದಲು ಕಾಣುತ್ತವೆ. ಈಗ ರಾಜ್ಯದಾದ್ಯಂತ ಮಕ್ಕಳ ಗ್ರಾಮ ಸಭೆ ನಡೆಯುತ್ತಿದೆ. ಆದರೆ ಅಲ್ಲಿ ಧೈರ್ಯವಾಗಿ ಪ್ರಶ್ನೆ ಕೇಳಿದ ಹತ್ತನೇ ತರಗತಿಯ ಹುಡುಗಿ ಮೂರು ವರ್ಷಗಳ ನಂತರ ಎಲ್ಲಿದ್ದಾಳೆ ಎಂಬುದನ್ನು ನಾವು ವಿಚಾರಿಸುವುದಿಲ್ಲ. ಶಾಲಾ ಕೊಠಡಿಯ ಬೇಡಿಕೆಯನ್ನು ನಡಾವಳಿಯಲ್ಲಿ ಬರೆದುಕೊಳ್ಳುತ್ತೇವೆ, ಕೇಳಿದವಳನ್ನು ಮರೆತುಬಿಡುತ್ತೇವೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದು ನಾವೇ ಹೇಳುತ್ತೇವೆ. ಕಂಡ ಮೊಳಕೆಗೆ ನೀರೆರೆಯುವ ಕೆಲಸ ಮಾತ್ರ ಬಾಕಿ ಉಳಿದಿದೆ.

ಬೈಕು, ಬ್ಯಾನರು ಮತ್ತು ಪ್ರಶ್ನೆ

ಇಂದು ಊರಿನ ಯುವಕರು ಸಾರ್ವಜನಿಕ ಕೆಲಸದಲ್ಲಿ ಇಲ್ಲವೆಂದು ಹೇಳಲಾಗದು. ಗಣೇಶೋತ್ಸವದ ಪೆಂಡಾಲಿಗೆ ಅವರಿದ್ದಾರೆ, ಜಾತ್ರೆಯ ಅನ್ನಸಂತರ್ಪಣೆಗೆ ಅವರಿದ್ದಾರೆ, ಕಬಡ್ಡಿ ಪಂದ್ಯಾವಳಿಗೆ ಅವರೇ ಚಂದಾ ಎತ್ತುತ್ತಾರೆ. ಚುನಾವಣೆ ಬಂದರೆ ಬೈಕ್ ರ‍್ಯಾಲಿಗೆ, ಫ್ಲೆಕ್ಸ್ ಕಟ್ಟುವುದಕ್ಕೆ, ಚೀಟಿ ಹಂಚುವುದಕ್ಕೆ ಅವರನ್ನೇ ಕರೆಯುತ್ತೇವೆ. ನೂರು ಜನರಿಗೆ ಊಟದ ವ್ಯವಸ್ಥೆ ಮಾಡಿ, ಚಂದಾದ ಲೆಕ್ಕವನ್ನು ಪೈಸೆ ಬಿಡದೆ ಒಪ್ಪಿಸಬಲ್ಲ ಯುವಕನಿಗೆ ಪಂಚಾಯಿತಿಯ ಆಯವ್ಯಯ ಅರ್ಥವಾಗದು ಎಂದು ನಾವೇಕೆ ಭಾವಿಸಬೇಕು? ಅವರ ತೋಳಿನ ಬಲವನ್ನು ಪಡೆದುಕೊಂಡು ಅವರ ಬುದ್ಧಿಯನ್ನು ಬಾಗಿಲ ಹೊರಗೆ ನಿಲ್ಲಿಸಿದರೆ, ಅವರು ಕಲಿಯುವುದು ಜೈಕಾರವನ್ನು ಮಾತ್ರ.

ಇಲ್ಲಿ ಒಂದು ಘಟನೆಯನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ನಾನು ಹಿಂದೆ ಕಾರ್ಯನಿರ್ವಹಿಸಿದ ಪಂಚಾಯಿತಿಯೊಂದರ ವಾರ್ಡ್ ಸಭೆಯಲ್ಲಿ ಡಿಪ್ಲೊಮಾ ಓದುತ್ತಿದ್ದ ಯುವಕನೊಬ್ಬ ಎದ್ದು ನಿಂತು, ಹೊಸದಾಗಿ ಕಟ್ಟುತ್ತಿರುವ ಚರಂಡಿಯ ನೀರು ಹಳ್ಳದ ಕಡೆಗೆ ಹರಿಯದೆ ಮನೆಗಳ ಕಡೆಗೇ ಮರಳುವಂತಿದೆ ಎಂದ. "ನಿನ್ನೆ ಮೊನ್ನೆ ಹುಟ್ಟಿದೋನು, ಕೂತ್ಕೊಳೋ" ಎಂದು ಹಿಂದಿನ ಸಾಲಿನಿಂದ ಯಾರೋ ಗದರಿದರು. ಆ ವಾರ್ಡಿನ ಸದಸ್ಯರು ಮೂರನೆಯ ಬಾರಿಗೆ ಆಯ್ಕೆಯಾಗಿದ್ದ ಹಿರಿಯರು. ಅವರು ಗದರಿದವರನ್ನು ಸುಮ್ಮನಿರಿಸಿ, "ನಾಳೆ ಬೆಳಿಗ್ಗೆ ಏಳು ಗಂಟೆಗೆ ಬಾರಪ್ಪ, ಮೇಸ್ತ್ರಿಯನ್ನೂ ಕರೆಸ್ತೀನಿ, ಅಳೆದೇ ನೋಡಿಬಿಡೋಣ" ಎಂದರು. ಮರುದಿನ ಮೇಸ್ತ್ರಿಯ ಲೆವೆಲ್ ಪೈಪಿಗೆ ನೀರು ತುಂಬಿ ಅಳೆದಾಗ ಸುಮಾರು 30 ಅಡಿ ಉದ್ದದಲ್ಲಿ ಚರಂಡಿಯ ತಳ 2 ಇಂಚಿನಷ್ಟು ಎದುರು ಇಳಿಜಾರಾಗಿದ್ದುದು ಕಂಡುಬಂದಿತು. ಅಳತೆ ಪುಸ್ತಕದಲ್ಲಿ ದಾಖಲಾಗುವ ಮೊದಲೇ ಆ ಭಾಗವನ್ನು ಒಡೆಸಿ ಮತ್ತೆ ಕಟ್ಟಿಸಲಾಯಿತು.

ಈ ಘಟನೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಮುಂದಿನ ಮಾತುಕತೆ. ಚರಂಡಿಯನ್ನು ನೇರವಾಗಿ ಒಯ್ಯದೆ ತಿರುವು ಕೊಟ್ಟು ಸುತ್ತು ಬಳಸಿ ಒಯ್ದದ್ದೇಕೆ ಎಂದು ಯುವಕ ಕೇಳಿದ. ನೇರ ದಾರಿಯಲ್ಲಿ ಎರಡು ಮನೆತನಗಳ ನಡುವೆ ಬಹುಕಾಲದಿಂದ ಗಡಿ ತಕರಾರು ಇದೆಯೆಂದೂ, ಅಲ್ಲಿ ಗುದ್ದಲಿ ಹಾಕಿದ್ದರೆ ಕಾಮಗಾರಿ ಇಂದಿಗೂ ಆರಂಭವಾಗುತ್ತಿರಲಿಲ್ಲವೆಂದೂ, ಎರಡೂ ಮನೆಗಳಿಗೆ ಮೂರು ಬಾರಿ ಹೋಗಿ ಮಾತನಾಡಿ ಈ ದಾರಿಯನ್ನು ಒಪ್ಪಿಸಿದೆನೆಂದೂ ಸದಸ್ಯರು ವಿವರಿಸಿದರು. ಇಳಿಜಾರಿನ ಲೆಕ್ಕವನ್ನು ಯುವಕ ಕಾಲೇಜಿನಲ್ಲಿ ಕಲಿತಿದ್ದ. ತಕರಾರಿನ ನಡುವೆ ದಾರಿ ತೆಗೆಯುವ ಬಗೆಯನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ನಾನೂ ಎಂಜಿನಿಯರಿಂಗ್ ಓದಿ ಬಂದವನೇ. ನಕ್ಷೆಯಲ್ಲಿ ಮನೆತನಗಳ ತಕರಾರು ಕಾಣುವುದಿಲ್ಲವೆಂಬುದನ್ನು ನನಗೂ ಇಂಥ ಹಿರಿಯ ಸದಸ್ಯರೇ ತೋರಿಸಿಕೊಟ್ಟಿದ್ದಾರೆ.

ಮಾರ್ಗದರ್ಶನವೆಂದರೆ ಇದೇ. ಯಾವ ಕೊಳವೆಬಾವಿ ಮಾರ್ಚ್ ತಿಂಗಳಲ್ಲಿ ಬತ್ತುತ್ತದೆ, ಯಾವ ಕೇರಿಯವರು ಸಭೆಗೆ ಬಂದರೂ ಬಾಯಿ ಬಿಡುವುದಿಲ್ಲ, ಜಗಳವಾಡುವ ಇಬ್ಬರಲ್ಲಿ ಮೊದಲು ಯಾರ ಮನೆಗೆ ಹೋಗಬೇಕು ಎಂಬ ತಿಳಿವಳಿಕೆ ತಮ್ಮ ತಲೆಯಲ್ಲಿದೆ. ಅದು ಯಾವ ಕಡತದಲ್ಲಿಯೂ ಇಲ್ಲ. ಜೊತೆಯಲ್ಲಿ ನಡೆದವರಿಗೆ ಮಾತ್ರ ಅದು ದಾಟುತ್ತದೆ.

ನೋಡಿ ಕಲಿ, ಮಾಡಿ ತಿಳಿ

ಹಾಗಾದರೆ ಕ್ರಮವೇನು? ಇದಕ್ಕೆ ಪ್ರತ್ಯೇಕ ಅನುದಾನ ಬೇಕಿಲ್ಲ. ಕಾಯ್ದೆಯಂತೆ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರಂತೆ, 6,000 ಜನಸಂಖ್ಯೆಯ ಪಂಚಾಯಿತಿಯಲ್ಲಿ ಸುಮಾರು 15 ಸದಸ್ಯರಿರುತ್ತಾರೆ. ಪ್ರತಿ ಸದಸ್ಯರು ಒಬ್ಬ ಯುವತಿ, ಒಬ್ಬ ಯುವಕ ಹೀಗೆ ಇಬ್ಬರನ್ನು ತಮ್ಮೊಡನೆ ಸೇರಿಸಿಕೊಂಡರೆ ಒಂದೇ ಅವಧಿಯಲ್ಲಿ 30 ಮಂದಿ ಪಂಚಾಯಿತಿಯನ್ನು ಒಳಗಿನಿಂದ ಬಲ್ಲವರಾಗುತ್ತಾರೆ. ಅವರಲ್ಲಿ ಅರ್ಧ ಮಂದಿ ಊರು ಬಿಟ್ಟುಹೋದರೂ ಉಳಿದವರ ಸಂಖ್ಯೆ ಒಂದು ಪೂರ್ಣ ಪಂಚಾಯಿತಿಯ ಸದಸ್ಯಬಲಕ್ಕೆ ಸಮ.

ಮೊದಲ ಮೂರು ತಿಂಗಳು ಅವರು ನೋಡಲಿ. ವಾರ್ಡ್ ಸಭೆಗೆ, ಗ್ರಾಮ ಸಭೆಗೆ, ಕಾಮಗಾರಿಯ ಸ್ಥಳಕ್ಕೆ ಜೊತೆಯಲ್ಲಿ ಕರೆದೊಯ್ಯಿರಿ. ಅಧ್ಯಕ್ಷರ ಅನುಮತಿ ಪಡೆದು ಪಂಚಾಯಿತಿಯ ಸಾಮಾನ್ಯ ಸಭೆಯನ್ನೂ ಒಮ್ಮೆ ವೀಕ್ಷಿಸಲು ಅವಕಾಶ ಮಾಡಿಕೊಡಿ. ಹಿಂದಿರುಗುವಾಗ ದಾರಿಯಲ್ಲಿ "ನಿನಗೆ ಏನನ್ನಿಸಿತು?" ಎಂದು ಕೇಳಿರಿ. ಈ ಒಂದು ಪ್ರಶ್ನೆಯು ನಾವು ಕೊಡುವ ಹತ್ತು ಉಪದೇಶಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಎರಡನೆಯ ಹಂತದಲ್ಲಿ ಒಂದು ದಾಖಲೆಯನ್ನು ಓದಲು ಕಲಿಸಿರಿ. ಆಯವ್ಯಯ, ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ, ಜಮಾಬಂದಿ ವರದಿ ಇವುಗಳಲ್ಲಿ ಯಾವುದಾದರೂ ಆಗಬಹುದು. "ಹಣ ಬಂದಿದೆ, ನಮ್ಮ ರಸ್ತೆ ಏಕೆ ಮಾಡಲಿಲ್ಲ?" ಎಂದು ಯುವಕರು ಕೇಳುತ್ತಾರೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021-22ರಿಂದ ಶೇಕಡ 60ರಷ್ಟು ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ನಿಗದಿಪಡಿಸಲಾಗಿತ್ತು, ಆ ಹಣದಲ್ಲಿ ರಸ್ತೆ ಮಾಡಲು ಬರುತ್ತಿರಲಿಲ್ಲ ಎಂಬುದನ್ನು ಕಾಗದ ತೋರಿಸಿ ವಿವರಿಸಿದರೆ, ಆರೋಪ ಮಾಡುತ್ತಿದ್ದವರೇ ಅದನ್ನು ಇತರರಿಗೆ ವಿವರಿಸುವವರಾಗುತ್ತಾರೆ. ದಾಖಲೆ ಓದಬಲ್ಲವರು ವದಂತಿಯನ್ನು ಬೇಗ ನಂಬುವುದಿಲ್ಲ. ದಾಖಲೆಯಲ್ಲಿ ಲೋಪವಿದ್ದರೆ ಅದನ್ನೂ ಅವರು ಹಿಡಿಯುತ್ತಾರೆ. ಅದಕ್ಕೂ ನಾವು ಸಿದ್ಧರಿರಬೇಕು. ಈ ಓದಿಗೆ ನಮ್ಮ ಪಂಚಾಯಿತಿಯ ಅರಿವು ಕೇಂದ್ರಕ್ಕಿಂತ ಒಳ್ಳೆಯ ಸ್ಥಳವಿಲ್ಲ. ತಿಂಗಳಿಗೊಂದು ಸಂಜೆ ಅಲ್ಲಿ ಕುಳಿತು ಓದುವ ವ್ಯವಸ್ಥೆಗೆ ಗ್ರಂಥಾಲಯ ಮೇಲ್ವಿಚಾರಕರ ಸಹಕಾರವನ್ನು ಕೋರಬಹುದು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನೂ ಕರೆಯಿರಿ, ಬರುವುದು ನಮ್ಮ ಕರ್ತವ್ಯ.

ಮೂರನೆಯ ಹಂತದಲ್ಲಿ ಒಂದು ಹೊಣೆ ಕೊಡಿರಿ. ಅದು ಚಿಕ್ಕದಿರಲಿ, ಆದರೆ ನಿಜವಾದ ಹೊಣೆಯಾಗಿರಲಿ. ನೀರಿನ ಪರೀಕ್ಷಾ ಕಿಟ್ ಬಳಸಿ ವಾರ್ಡಿನ ನೀರಿನ ಮೂಲಗಳನ್ನು ಪರೀಕ್ಷಿಸಿ ಪಟ್ಟಿ ಮಾಡುವುದು, ಉರಿಯದ ಬೀದಿದೀಪಗಳನ್ನು ಕಂಬದ ಸಂಖ್ಯೆಸಹಿತ ಗುರುತಿಸುವುದು, ಶಾಲೆ ಬಿಟ್ಟ ಮಕ್ಕಳ ಮನೆಗೆ ಹೋಗಿ ಕಾರಣ ತಿಳಿಯುವುದು, ಉದ್ಯೋಗ ಖಾತರಿಯ ಕೆಲಸದಲ್ಲಿ ಕಾಯಕಬಂಧುಗಳೊಡನೆ ಒಂದು ವಾರ ಇದ್ದು ಅಳತೆ ಮತ್ತು ಹಾಜರಾತಿಯ ಕ್ರಮವನ್ನು ಅರಿಯುವುದು ಇಂಥವು ಸಾಕು. ಪದವಿ ಕಾಲೇಜಿನಲ್ಲಿ ಓದುವವರಿಗೆ ರಾಷ್ಟ್ರೀಯ ಸೇವಾ ಯೋಜನೆಯ ಪರಿಚಯ ಇರುತ್ತದೆ. 1969ರಲ್ಲಿ ಆರಂಭವಾದ ಆ ಯೋಜನೆಯ ವಿಶೇಷ ಶಿಬಿರಗಳು ಹಳ್ಳಿಗಳಲ್ಲಿಯೇ ನಡೆಯುತ್ತವೆ. ಬೇರೆ ಊರಿಗೆ ಹೋಗಿ ಏಳು ದಿನ ದುಡಿಯುವ ನಮ್ಮ ಮಕ್ಕಳು ಸ್ವಂತ ಊರಿನಲ್ಲಿ ಅದೇ ಉತ್ಸಾಹವನ್ನು ತೋರಲು ನಮ್ಮಿಂದ ಒಂದು ಕರೆ ಹೋಗಬೇಕು, ಅಷ್ಟೆ.

ನಾಲ್ಕನೆಯದಾಗಿ, ಅವರು ತಾವು ಮಾಡಿದ್ದನ್ನು ವಾರ್ಡ್ ಸಭೆಯಲ್ಲಿ ಎದ್ದು ನಿಂತು ಐದು ನಿಮಿಷ ಹೇಳಲಿ. ತಡವರಿಸಿದರೆ ತಡವರಿಸಲಿ. ಆ ಐದು ನಿಮಿಷದಲ್ಲಿ ಮೈಕನ್ನು ಅವರ ಕೈಯಿಂದ ತೆಗೆದುಕೊಳ್ಳದಿರುವುದೇ ಮಾರ್ಗದರ್ಶಕರ ದೊಡ್ಡ ಸಂಯಮ. ಹೊಸ ಕಾಂಕ್ರೀಟು ಗಟ್ಟಿಯಾಗಲು ದಿನಗಟ್ಟಲೆ ನೀರುಣಿಸಬೇಕು. ಹಾಕಿದ ಮರುದಿನವೇ ಭಾರ ಹೊರಿಸಿದರೆ ಬಿರುಕು ಬಿಡುತ್ತದೆ. ನೀರು ಹಾಕುವುದನ್ನೇ ಮರೆತರೂ ಬಿರುಕು ಬಿಡುತ್ತದೆ. ಹೊಸ ನಾಯಕತ್ವಕ್ಕೂ ಈ ಎರಡೂ ಎಚ್ಚರ ಬೇಕು.

ಯಾರನ್ನು ಆರಿಸಬೇಕು?

ಆಯ್ಕೆಯಲ್ಲಿಯೇ ನಮ್ಮ ಪ್ರಾಮಾಣಿಕತೆ ತಿಳಿಯುತ್ತದೆ. ಆ ಇಬ್ಬರೂ ತಮ್ಮ ಬಂಧುವರ್ಗದ ಹೊರಗಿನವರಾಗಿರಲಿ ಎಂದು ವಿನಂತಿಸುತ್ತೇನೆ. ತಮಗೆ ಮತ ಹಾಕದ ಮನೆಯವರಾದರೆ ಇನ್ನೂ ಒಳ್ಳೆಯದು. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುವುದು ಇಂಥ ಅವಕಾಶಕ್ಕಾಗಿಯೇ ಎಂದು ನಾನು ತಿಳಿದಿದ್ದೇನೆ. ಪರಿಶಿಷ್ಟರ ಕಾಲೊನಿಯಲ್ಲಿ, ತಾಂಡಾದಲ್ಲಿ, ಹಾಡಿಯಲ್ಲಿ ಸಭೆ ನಡೆಸಿದರೆ ಅಲ್ಲಿಯ ಯುವಜನರು ಮಾತನಾಡುವ ಬಗೆಯೇ ಬೇರೆ. ದೇವಸ್ಥಾನದ ಕಟ್ಟೆಯ ಮೇಲೆ ಸಭೆ ಕರೆದು, ಕೆಳಗೆ ನಿಂತವರು ಮಾತನಾಡಲಿಲ್ಲವೆಂದು ದೂರುವುದು ನ್ಯಾಯವಲ್ಲ. ಅವರಿಗೂ ಒಂದು ಕುರ್ಚಿ ಇರಬೇಕು, ಆ ಕುರ್ಚಿ ಮೊದಲ ಸಾಲಿನಲ್ಲಿರಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: "ಕಲಿಸಿ ಏನು ಪ್ರಯೋಜನ ಸಾರ್, ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾಳೆ." ಹೋಗಲಿ. ಅವಳು ಹೋಗುವ ಊರಿನ ಪಂಚಾಯಿತಿಯಲ್ಲಿಯೂ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗಿವೆ. ನಾವು ಸಿದ್ಧಪಡಿಸಿದ ಮಗಳು ಆ ಊರಿನ ಅಧ್ಯಕ್ಷೆಯಾಗಬಹುದು. ಹಾಗೆಯೇ ನಮ್ಮ ಊರಿಗೆ ಸೊಸೆಯಾಗಿ ಬಂದ ಪದವೀಧರೆಯರು ಎಷ್ಟು ಮಂದಿ ಇದ್ದಾರೆಂದು ನಾವು ಎಂದಾದರೂ ಎಣಿಸಿದ್ದೇವೆಯೇ? ಅವರ ಹೆಸರು ಮತದಾರರ ಪಟ್ಟಿಯಲ್ಲಿ ಇನ್ನೂ ತವರೂರಿನಲ್ಲಿಯೇ ಉಳಿದಿದ್ದರೆ ಇಲ್ಲಿನ ಗ್ರಾಮ ಸಭೆಗೆ ಅವರು ಹೊರಗಿನವರಾಗಿಯೇ ಉಳಿಯುತ್ತಾರೆ. ನಮೂನೆ 8ರಲ್ಲಿ ಅರ್ಜಿ ಕೊಟ್ಟರೆ ಹೆಸರು ವರ್ಗಾವಣೆಯಾಗುತ್ತದೆ. ಸಂಜೀವಿನಿ ಒಕ್ಕೂಟದ ಸಭೆಯಲ್ಲಿ ಇದನ್ನು ತಿಳಿಸಿದರೆ ಅರ್ಧ ಕೆಲಸ ಮುಗಿದಂತೆ. ಸ್ವಸಹಾಯ ಸಂಘದ ಲೆಕ್ಕ ಬರೆಯುವ ಹೆಣ್ಣುಮಗಳಿಗೆ ಪಂಚಾಯಿತಿಯ ಲೆಕ್ಕ ದೂರವಲ್ಲ.

ಇಲ್ಲಿರುವ ಮಹಿಳಾ ಸದಸ್ಯರಲ್ಲಿ ವಿಶೇಷವಾಗಿ ಒಂದು ಮಾತು. ತಮ್ಮನ್ನು ಊರಿನ ಪ್ರತಿಯೊಬ್ಬ ಹುಡುಗಿಯೂ ಗಮನಿಸುತ್ತಿರುತ್ತಾಳೆ. ತಮ್ಮ ಬದಲಿಗೆ ಮನೆಯವರು ಬಂದು ಮಾತನಾಡಿದರೆ ಅವಳು ಅದನ್ನೂ ಕಲಿಯುತ್ತಾಳೆ. ತಾವೇ ಬಂದು, ತಮ್ಮ ಕುರ್ಚಿಯಲ್ಲಿ ಕುಳಿತು, ಓದಿ ಸಹಿ ಹಾಕಿದರೆ ಅದನ್ನೂ ಕಲಿಯುತ್ತಾಳೆ. ತಾವು ಪ್ರತ್ಯೇಕವಾಗಿ ಪಾಠ ಹೇಳಬೇಕಾಗಿಲ್ಲ.

ಬೆಂಗಳೂರಿಗೋ ಬೇರೆ ನಗರಕ್ಕೋ ದುಡಿಯಲು ಹೋದ ಯುವಕರನ್ನು ಲೆಕ್ಕದಿಂದ ಕೈಬಿಡುವುದೂ ಸರಿಯಲ್ಲ. ಯುಗಾದಿಗೆ, ಊರ ಹಬ್ಬಕ್ಕೆ ಅವರು ತಪ್ಪದೆ ಬರುತ್ತಾರೆ. ಅವರು ಊರಿನಲ್ಲಿರುವ ಆ ದಿನಗಳಿಗೆ ಹೊಂದಿಕೊಂಡಂತೆ ಒಂದು ವಾರ್ಡ್ ಸಭೆಯನ್ನು ಗೊತ್ತುಪಡಿಸಿದರೆ, ಹೊರಗೆ ಕಂಡು ಕಲಿತದ್ದನ್ನು ಅವರು ಊರಿಗೆ ತರುತ್ತಾರೆ.

ಒಳಗಿನ ಆತಂಕ

ಕೊನೆಯದಾಗಿ, ಬಹುಮಂದಿ ಸದಸ್ಯರ ಮನಸ್ಸಿನಲ್ಲಿದ್ದರೂ ಸಭೆಯಲ್ಲಿ ಹೇಳದ ಮಾತೊಂದಿದೆ. "ನಾನೇ ಬೆಳೆಸಿದ ಹುಡುಗ ಮುಂದಿನ ಚುನಾವಣೆಯಲ್ಲಿ ನನ್ನೆದುರೇ ನಿಂತರೆ?" ಈ ಆತಂಕ ಸಹಜ, ಇದನ್ನು ಹಗುರವಾಗಿ ಕಾಣಲಾರೆ. ನಿಲ್ಲಲೂಬಹುದು. ಗೆಲ್ಲಲೂಬಹುದು. ಆದರೆ ತಾವು ಬೆಳೆಸದಿದ್ದರೂ ಯಾರಾದರೊಬ್ಬರು ನಿಂತೇ ನಿಲ್ಲುತ್ತಾರೆ. ಆಗ ಎದುರಿಗಿರುವವರು ಪಂಚಾಯಿತಿಯ ಕೆಲಸ ಬಲ್ಲವರೋ, ಹಣ ಹಂಚಬಲ್ಲವರೋ ಎಂಬುದಷ್ಟೇ ವ್ಯತ್ಯಾಸ. ತಮ್ಮ ವಾರ್ಡಿನ ಮತದಾರರಿಗೆ ಒಳ್ಳೆಯ ಇಬ್ಬರಲ್ಲಿ ಒಬ್ಬರನ್ನು ಆರಿಸುವ ಕಷ್ಟ ಬಂದರೆ ಅದು ತಮ್ಮ ಐದು ವರ್ಷಗಳ ಸೇವೆಗೆ ಸಂದ ಗೌರವ.

ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಸಾರ್ವಜನಿಕ ಜೀವನ ಹೊಳೆನರಸೀಪುರದ ಸಹಕಾರ ಸಂಘ ಮತ್ತು ತಾಲ್ಲೂಕು ಅಭಿವೃದ್ಧಿ ಮಂಡಳಿಯಿಂದ ಆರಂಭವಾಯಿತು. ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಪಡೆದಿದ್ದ ಯುವಕನೊಬ್ಬ ಸ್ಥಳೀಯ ಸಂಸ್ಥೆಯ ಮೆಟ್ಟಿಲು ಹತ್ತಿ 1996ರಲ್ಲಿ ದೇಶದ ಅತ್ಯುನ್ನತ ಕಾರ್ಯಾಂಗ ಹುದ್ದೆಗೆ ಏರಿದ್ದು ನಮ್ಮ ರಾಜ್ಯದಲ್ಲಿಯೇ ನಡೆದ ಸಂಗತಿ. ಎಲ್ಲರೂ ಅಷ್ಟು ಎತ್ತರಕ್ಕೆ ಏರಬೇಕಿಲ್ಲ. ಊರಿನ ನೀರು, ದೀಪ, ಶಾಲೆ, ಅಂಗನವಾಡಿಗಳನ್ನು ಚೆನ್ನಾಗಿ ನೋಡಿಕೊಳ್ಳುವ 15 ಮಂದಿ ಸಿಕ್ಕರೆ ಒಂದು ಪಂಚಾಯಿತಿಗೆ ಅದೇ ದೊಡ್ಡ ಸಂಪತ್ತು.

ಒಂದು ಎಚ್ಚರಿಕೆಯ ಮಾತನ್ನೂ ಸೇರಿಸುತ್ತೇನೆ. ಈ ಯುವಜನರು ಪಂಚಾಯಿತಿಯ ಸಂಬಳವಿಲ್ಲದ ನೌಕರರಲ್ಲ. ಅವರ ಪರೀಕ್ಷೆ, ದುಡಿಮೆ, ಮನೆಯ ಜವಾಬ್ದಾರಿಗಳಿಗೆ ಅಡ್ಡಿಯಾಗದಂತೆ ಕೆಲಸ ಕೊಡಬೇಕು. ಹೆಣ್ಣುಮಕ್ಕಳು ಕತ್ತಲಾಗುವ ಮುನ್ನ ಮನೆ ಸೇರುವಂತೆ ಸಭೆಯ ಸಮಯ ನಿಗದಿಪಡಿಸಬೇಕು. ಅವರನ್ನು ಯಾರ ವಿರುದ್ಧವೂ ಅಸ್ತ್ರವಾಗಿ ಬಳಸಬಾರದು. ಈ ಮೂರನ್ನು ಪಾಲಿಸಿದರೆ ಮನೆಯ ಹಿರಿಯರೇ ಅವರನ್ನು ಸಭೆಗೆ ಕಳುಹಿಸಿಕೊಡುತ್ತಾರೆ.

ಸದಸ್ಯ ಬಂಧುಗಳೇ, ತಮ್ಮ ಮುಂದಿರುವ ಟಿಪ್ಪಣಿ ಪುಸ್ತಕದ ಕೊನೆಯ ಪುಟವನ್ನು ತೆರೆದು ತಮ್ಮ ವಾರ್ಡಿನ ಇಬ್ಬರು ಯುವಜನರ ಹೆಸರನ್ನು ಈಗಲೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ. ಹೆಸರು ತಕ್ಷಣ ನೆನಪಿಗೆ ಬಾರದಿದ್ದರೆ, ಈ ವಾರ ವಾರ್ಡಿನಲ್ಲಿ ಒಮ್ಮೆ ಸುತ್ತಾಡಿ ಬನ್ನಿರಿ. ಮುಂದಿನ ವಾರ್ಡ್ ಸಭೆಗೆ ಆ ಇಬ್ಬರ ಮನೆಗೆ ತಾವೇ ಖುದ್ದಾಗಿ ಹೋಗಿ ಆಹ್ವಾನಿಸಿರಿ. ಹಿರಿಯರೊಬ್ಬರು ಮನೆಬಾಗಿಲಿಗೆ ಬಂದು "ನೀನು ಬರಬೇಕು" ಎಂದು ಕರೆದದ್ದನ್ನು ಯಾವ ಯುವಕನೂ ಯುವತಿಯೂ ಮರೆಯುವುದಿಲ್ಲ.